ಬರ್ಲಿ, ಬರ್ಲಿ, ಬರ್ಲಿ... ಬಸ್!

ವಾಶಿಯ ಎಪಿಎಂಸಿ ಮಾರುಕಟ್ಟೆಯನ್ನು ನೋಡುವುದಾದರೆ ಬೆಳಗಿನ ಜಾವ ನೋಡಬೇಕು. ನಾನು ಹೋದ ದಿನ ಕೆಎ-28 ನಂಬರಿನ ಲಾರಿಯೊಂದು ಉಳ್ಳಾಗಡ್ಡಿ ಹೇರಿಕೊಂಡು ಗಾಳಾದ ಕಟ್ಟೆಯತ್ತ ಹಿಂದಕ್ಕೆ ಸರಿಯುತ್ತಿತ್ತು. ಗಾಳಾ ಅಂದರೆ ಅಲ್ಲಿ ದಲಾಲರ ಮಳಿಗೆ. ಎಡಬಲದಲ್ಲಿ ಇನ್ನೆರಡು ಲಾರಿ, ನಡುವೆ ಮೊಳದಷ್ಟು ಸಂದು. ಹಿಂದೆ ನಿಂತಿದ್ದ ಕ್ಲೀನರ್ ಹುಡುಗ ಡ್ರೈವರನ ಕನ್ನಡಿಗೆ ಕಾಣುವಂತಿರಲಿಲ್ಲ, ಗಂಟಲು ಮಾತ್ರ ಕೇಳುತ್ತಿತ್ತು: "ಬರ್ಲಿ... ಬರ್ಲಿ... ಬರ್ಲಿ..." ಒಂದೇ ತಾಳ. ಇದ್ದಕ್ಕಿದ್ದಂತೆ ತಾಳ ತಪ್ಪಿತು. ಲಾರಿ ಗಕ್ಕನೆ ನಿಂತಿತು. ಕಟ್ಟೆ ಇನ್ನೂ ಒಂದು ಮಾರು ದೂರವಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಯಾಕಲೇ, ಏನಾತು?" ಎಂದ. ಏನೂ ಆಗಿರಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಉಗುಳಲು ಹುಡುಗ ಪಕ್ಕಕ್ಕೆ ತಿರುಗಿದ್ದ. "ಏನಿಲ್ರೀ ಅಣ್ಣಾ, ಬರ್ಲಿ ಬರ್ಲಿ." ಮತ್ತೆ ತಾಳ, ಮತ್ತೆ ಚಕ್ರ.

ಅಲ್ಲಿ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಹೇಳುವುದನ್ನು ನಿಲ್ಲಿಸಿದ್ದಷ್ಟೇ. ಯೋಚಿಸಿ ನೋಡಿ: ಹುಡುಗ ಸುಮ್ಮನೆ ನಿಂತಿದ್ದು, ಕಟ್ಟೆ ಹತ್ತಿರ ಬಂದಾಗ ಮಾತ್ರ 'ಬಸ್' ಎಂದು ಕೂಗುವ ಪದ್ಧತಿ ಇದ್ದಿದ್ದರೆ? ಆ ಒಂದು ಕೂಗು ಪಕ್ಕದ ಗಾಡಿಯ ಸದ್ದಿನಲ್ಲಿ ಮುಳುಗಿದರೆ, ಹುಡುಗ ಕಾಲು ಜಾರಿ ಬಿದ್ದರೆ, ಲಾರಿ ಬರುತ್ತಲೇ ಇರುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಸರಿದರೂ ಎರಡು ಸೆಕೆಂಡಿನ ತಡ ಅಂದರೆ ಒಂದು ಮೀಟರ್. ಅದಕ್ಕೇ ಈ ಕಸುಬಿನಲ್ಲಿ 'ಬಾ' ಎನ್ನುವುದನ್ನು ಎಡೆಬಿಡದೆ ಹೇಳುತ್ತಿರಬೇಕು. ಮೌನಕ್ಕೆ ಒಂದೇ ಅರ್ಥ, ನಿಲ್ಲು. ಮುಂಬೈ ಲೋಕಲ್ ರೈಲಿನ ಮೋಟರ್‌ಮನ್ ಕೈಯಲ್ಲಿರುವ ಹಿಡಿಕೆಯ ಕತೆಯೂ ಇದೇ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಗಾಡಿ ಓಡುತ್ತದೆ, ಕೈ ಸಡಿಲವಾದರೆ ಬ್ರೇಕ್ ಬೀಳುತ್ತದೆ. ವಾಕಿಟಾಕಿಯ ಮಾತು ನಂಬಿ ಭಾರ ಇಳಿಸುವ ಕ್ರೇನಿನವರೂ ಕಿವಿಯಲ್ಲಿ "ಇಳಿಸು, ಇಳಿಸು" ನಿಂತ ಕೂಡಲೇ ಕೈ ತಡೆಯುತ್ತಾರೆ. ಬೆಸ್ಟ್ ಬಸ್ಸಿನ ಹಗ್ಗದ ಗಂಟೆಯಲ್ಲಿ ಇದರ ಇನ್ನೊಂದು ರೂಪವಿದೆ: ಒಂದು ಸಲ ಬಾರಿಸಿದರೆ ನಿಲ್ಲು, ಎರಡು ಸಲವಾದರೆ ಹೊರಡು. ಜನದಟ್ಟಣೆಯಲ್ಲಿ ಯಾರದೋ ಕೈ ತಾಗಿ ಗಂಟೆ ಒಮ್ಮೆ ಬಡಿದರೂ, ಎರಡರಲ್ಲಿ ಒಂದು ಡ್ರೈವರನ ಕಿವಿಗೆ ಬೀಳದೆ ಹೋದರೂ, ಆಗುವ ತಪ್ಪು ಎಂದರೆ ಬಸ್ಸು ನಿಂತೇ ಇರುವುದು. ಅದರಿಂದ ಯಾರ ಕಾಲೂ ಮುರಿಯುವುದಿಲ್ಲ.

'ಬರ್ಲಿ' ಮತ್ತು 'ಬಸ್' ಎಂಬ ಜೋಡಿಯನ್ನು ಶಬ್ದಶಾಸ್ತ್ರ ಬಲ್ಲವರು ಆರಿಸಿದ್ದರೆ ಖಂಡಿತ ಬೈಯಿಸಿಕೊಳ್ಳುತ್ತಿದ್ದರು. ಎರಡೂ 'ಬ'ದಿಂದಲೇ ಶುರು. ಬೇರೆ ಮಾಡಿ ತೋರಿಸುವ 'ಸ್' ಇದೆಯಲ್ಲ, ಅದರ ಶಕ್ತಿಯ ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲೆ. ಅಷ್ಟು ಸಣ್ಣ ಸದ್ದು ಡೀಸೆಲ್ ಎಂಜಿನ್ನಿನ ಗುಡುಗಿನೊಳಗೆ ಡ್ರೈವರನ ಕಿವಿ ಮುಟ್ಟುವ ಭರವಸೆ ಇಲ್ಲ. ಹಾಗಾಗಿ ಕ್ಲೀನರ್ 'ಬಸ್' ಎನ್ನುವಾಗ ಅಂಗೈಯಿಂದ ಗಾಡಿಯ ಮೈಗೆ ಧಡ್ ಎಂದು ಬಡಿಯುತ್ತಾನೆ. ಎಂಜಿನ್ನಿನ ಸದ್ದು ಎಡೆಬಿಡದ ಮೊರೆತ. ಈ ಪೆಟ್ಟಿಗೆ ಚೂಪಾದ ಅಂಚಿದೆ, ಮರ-ಕಬ್ಬಿಣಗಳ ಮೂಲಕ ಹಾದು ಸೀಟಿಗೂ ತಟ್ಟುತ್ತದೆ. ಮಾತು, ಮೌನ, ಪೆಟ್ಟು ಮೂರೂ ಸೇರಿ ಒಂದೇ ಸುದ್ದಿ ಹೇಳುತ್ತವೆ. ಗದ್ದಲದ ದಾರಿಯಲ್ಲಿ ಸುದ್ದಿ ಕಳಿಸುವುದಾದರೆ ಬೇಕಾದ್ದಕ್ಕಿಂತ ಹೆಚ್ಚು ಹೇಳಬೇಕು ಎಂಬುದನ್ನು ಕ್ಲಾಡ್ ಶ್ಯಾನನ್ 1948ರಲ್ಲಿ ಗಣಿತಕ್ಕೆ ಇಳಿಸಿದರು. ಕ್ಲೀನರ್ ಅದನ್ನು ಅಂಗೈಗೆ ಇಳಿಸಿಕೊಂಡಿದ್ದಾನೆ.

ಲಾರಿಯವರ ಸಂಕೇತಭಾಷೆ ಎಂದರೆ ಲೋಕಕ್ಕೆ ನೆನಪಾಗುವುದು ಅಮೆರಿಕದವರದು. ಅಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್ ಪಟ್ಟಿಯನ್ನು ಜನಸಾಮಾನ್ಯರ ರೇಡಿಯೊಗೆ ಬಿಟ್ಟುಕೊಟ್ಟರು. ಈ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗ, ಎರಡೂಮುಕ್ಕಾಲು ಮೀಟರಿನ ಬಳುಕುವ ಕಡ್ಡಿಯೊಂದನ್ನು ಸಿಕ್ಕಿಸಿಕೊಂಡರೆ ಕೆಲವು ಮೈಲಿ ಮಾತಾಡಬಹುದು. 1973ರ ತೈಲ ಬಿಕ್ಕಟ್ಟಿನಲ್ಲಿ ಡೀಸೆಲ್ಲಿಗೆ ತತ್ವಾರವಾಯಿತು, ಬೆನ್ನಿಗೇ ಗಂಟೆಗೆ 55 ಮೈಲಿ ಮೀರಬಾರದೆಂಬ ಕಟ್ಟಳೆ ಬಂತು. ಎಲ್ಲಿ ಎಣ್ಣೆ ಸಿಗುತ್ತದೆ, ಎಲ್ಲಿ ಪೊಲೀಸ್ ಅಡಗಿದ್ದಾನೆ ಎಂದು ಒಬ್ಬರಿಗೊಬ್ಬರು ತಿಳಿಸಲು ಡ್ರೈವರುಗಳು ರೇಡಿಯೊಗೆ ಮುಗಿಬಿದ್ದರು. ಆದರೆ ಅದು ಊರ ಬಾವಿಯಂಥ ಚಾನೆಲ್, ಪೊಲೀಸರೂ ಕೇಳಬಹುದು. ಹಾಗಾಗಿ ಅಗಲ ಅಂಚಿನ ಹ್ಯಾಟಿನ ಪೊಲೀಸ್ 'ಸ್ಮೋಕಿ'ಯಾದ. ಕಾಡ್ಗಿಚ್ಚಿನ ಬಗ್ಗೆ ಎಚ್ಚರಿಸುವ ಜಾಹೀರಾತಿನ 'ಸ್ಮೋಕಿ' ಕರಡಿಗೂ ಅಂಥದೇ ಹ್ಯಾಟು. ತೂಕ ಹಾಕುವ ಕಟ್ಟೆ 'ಕೋಳಿಗೂಡು' ಆಯಿತು.

ಅವರ ಬಾಯಲ್ಲಿ ಸದಾ ಇದ್ದ 'ಟೆನ್-ಫೋರ್' (ಕೇಳಿಸಿತು, ಸರಿ) ಮಾತ್ರ ಪೊಲೀಸರಿಂದಲೇ ಬಂದದ್ದು. 1930ರ ದಶಕದ ಕೊನೆಗೆ ಇಲಿನಾಯ್ ರಾಜ್ಯದ ಪೊಲೀಸ್ ರೇಡಿಯೊ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಹಾಪರ್ ಎಂಬವರು ಇಂಥ 'ಟೆನ್' ಸಂಕೇತಗಳನ್ನು ರೂಪಿಸಿದರು. ಎಲ್ಲ ಸಂಕೇತಕ್ಕೂ ಮುಂದೆ 'ಹತ್ತು' ಏಕೆ? ಆಗಿನ ಕಾರುಗಳ ರೇಡಿಯೊ ಪ್ರಸಾರಕ್ಕೆ ಬೇಕಾದ ಹೆಚ್ಚಿನ ವೋಲ್ಟೇಜನ್ನು ಸಣ್ಣದೊಂದು ತಿರುಗುಯಂತ್ರ ಉತ್ಪಾದಿಸುತ್ತಿತ್ತು. ಗುಂಡಿ ಒತ್ತಿದ ಮೇಲೆ ಅದು ಪೂರ್ತಿ ವೇಗಕ್ಕೆ ಬರಲು ಅರೆಕ್ಷಣ ಬೇಕು. ಅಷ್ಟರಲ್ಲಿ ಆಡಿದ ಮೊದಲ ಶಬ್ದ ನುಂಗಿಹೋಗುತ್ತಿತ್ತು. ಹೋದರೆ ಹೋಗಲಿ ಎಂದು ಅಲ್ಲೊಂದು ಅರ್ಥವಿಲ್ಲದ 'ಟೆನ್' ಕೂರಿಸಿದರು. ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಅದಕ್ಕೆ ಕೊಟ್ಟ ಬಲಿ ಮಾತಿನಲ್ಲಿ ಹಾಗೇ ಉಳಿದಿದೆ.

ನಮ್ಮ ಲಾರಿಗಳಿಗೆ ಈ ರೇಡಿಯೊ ಭಾಗ್ಯ ಬರಲಿಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಇಂಥ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. 27 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಯಲ್ಲಿ 5 ವಾಟ್‌ವರೆಗಿನ ಸೆಟ್ಟುಗಳಿಗೆ ಲೈಸೆನ್ಸ್ ಬೇಡವೆಂದು ಸರ್ಕಾರ ಹೇಳಿದ್ದು 2005ರಲ್ಲಿ. ಅಷ್ಟರಲ್ಲಿ ಮುಂಬೈಗೆ ಮೊಬೈಲ್ ಬಂದು ಹತ್ತು ವರ್ಷವಾಗಿತ್ತು. 2003ರಿಂದ ಒಳಬರುವ ಕರೆಗೆ ದುಡ್ಡೂ ಇರಲಿಲ್ಲ. ರೇಡಿಯೊ ಯಾರಿಗೆ ಬೇಕು?

ಅದಕ್ಕೂ ಮೊದಲಿನ ದಶಕಗಳಲ್ಲಿ, ಈಗಲೂ ಬಹುಮಟ್ಟಿಗೆ, ಮುಂಬೈ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಯಿಂದ ಲಾರಿಗೆ ಮಾತು ನಡೆದದ್ದು ಡಿಪ್ಪರಿನಲ್ಲಿ. ಎದುರಿನಿಂದ ಬರುವ ಗಾಡಿ ಎರಡು ಸಲ ಪಕಪಕ ಎನ್ನಿಸಿದರೆ ಮುಂದೆ ಆರ್‌ಟಿಓ ಇದ್ದಾನೆ, ಇಲ್ಲವೇ ಏನೋ ಎಡವಟ್ಟಾಗಿದೆ. ಕಾಗದಪತ್ರ ತೆಗೆದಿಟ್ಟುಕೊ, ವೇಗ ಇಳಿಸು. ದೀಪದ ಮಾತು ರೇಡಿಯೊದಂತೆ ಊರಿಗೆಲ್ಲ ಹಬ್ಬುವುದಿಲ್ಲ; ಮುಂದಿರುವವನಿಗಷ್ಟೇ. ಘಾಟಿಯ ತಿರುವಿನಾಚೆಗೆ ಅದು ಹೋಗುವುದಿಲ್ಲ, ಅಲ್ಲಿ ಹಾರ್ನೇ ಗತಿ, ಶಬ್ದ ಬಂಡೆಯ ಅಂಚಿಗೆ ಬಾಗಿ ಬರುತ್ತದೆ. ಕಷ್ಟವೇನೆಂದರೆ ಹೊಳೆದು ಆರುವ ದೀಪದಲ್ಲಿ ಹಿಡಿಸುವ ಅರ್ಥ ತೀರಾ ಕಡಿಮೆ, ಉಳಿದದ್ದನ್ನು ನೋಡುವವನೇ ತುಂಬಿಕೊಳ್ಳಬೇಕು. ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿತು ಅನ್ನಿ. ಕೆಲವರಿಗೆ ಅದು 'ಬಲಕ್ಕೆ ಹಾದು ಮುಂದೆ ಹೋಗು', ಇನ್ನು ಕೆಲವರಿಗೆ 'ನಾನೇ ಬಲಕ್ಕೆ ಬರುತ್ತಿದ್ದೇನೆ, ಹಿಂದೆಯೇ ಇರು'. ಒಂದೇ ಸಂಕೇತಕ್ಕೆ ಎರಡು ನಿಘಂಟು, ಅದೂ ಜೀವದ ಪ್ರಶ್ನೆಯಲ್ಲಿ. ಟೆನ್ ಸಂಕೇತಗಳಿಗೂ ಇದೇ ರೋಗ ತಗುಲಿತ್ತು. ಊರಿಗೊಂದು ಅರ್ಥವಾಗಿ, ವಿಪತ್ತಿನಲ್ಲಿ ಹಲವು ಇಲಾಖೆಗಳು ಸೇರಿ ಕೆಲಸ ಮಾಡುವಾಗ ನೇರ ಮಾತೇ ಆಡಿ ಎಂದು ಅಮೆರಿಕ ಸರ್ಕಾರ 2006ರ ಹೊತ್ತಿಗೆ ಹೇಳಬೇಕಾಯಿತು.

ಹಾರ್ನಿನ ಬಗ್ಗೆ ಮುಂಬೈಗೆ ಹೆಚ್ಚು ಹೇಳಬೇಕಿಲ್ಲ. ಲಾರಿ ಹಿಂಬದಿಯ 'ಹಾರ್ನ್ ಓಕೆ ಪ್ಲೀಸ್' ಬರಹವನ್ನು ಮಹಾರಾಷ್ಟ್ರ 2015ರಲ್ಲಿ ನಿಷೇಧಿಸಿತು. 2020ರ ಜನವರಿಯಲ್ಲಿ ಮುಂಬೈ ಪೊಲೀಸರು ಸಿಗ್ನಲ್ ಕಂಬಗಳಿಗೆ ಡೆಸಿಬೆಲ್ ಮಾಪಕ ಕಟ್ಟಿದ ಪ್ರಯೋಗವೊಂದನ್ನು ತೋರಿಸಿದರು. ಗದ್ದಲ 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ. ಹೆಚ್ಚು ಹಾರ್ನ್ ಹೊಡೆದಷ್ಟು ಹೆಚ್ಚು ಕಾಯಿರಿ ಎಂಬ ಆ ತುಂಟತನ ನನಗಂತೂ ಹಿಡಿಸಿತ್ತು.

ರೇಡಿಯೊ ಇಲ್ಲದಿದ್ದರೂ 'ಸ್ಮೋಕಿ'ಗೆ ಇಲ್ಲಿ ಸೋದರರಿದ್ದಾರೆ. ಸಂಚಾರಿ ಪೊಲೀಸ್ 'ಮಾಮಾ'. ಬೆಂಗಳೂರಿನಲ್ಲೂ ಅವನು ಮಾಮನೇ. ಹವಾಲ್ದಾರ 'ಪಾಂಡು'. ದಾದಾ ಕೋಂಡ್ಕೆ ಅವರ 'ಪಾಂಡು ಹವಾಲ್ದಾರ್' ಚಿತ್ರ ಬಂದದ್ದು 1975ರಲ್ಲಿ, ಅಮೆರಿಕದ ಲಾರಿ ರೇಡಿಯೊ ಭಾಷೆಯನ್ನು ಮನೆಮಾತಾಗಿಸಿದ 'ಕಾನ್‌ವಾಯ್' ಹಾಡು ಬಂದ ವರ್ಷವೇ. ತೂಕದ ಕಟ್ಟೆಗೆ ಇಲ್ಲಿ 'ಕಾಂಟಾ', ಬಾಡಿಗೆ 'ಭಾಡಾ', ಸರಕು ಇಳಿಸಿದರೆ 'ಗಾಡಿ ಖಾಲಿ ಆತು'. ಪದೇಪದೇ ಬೇಕಾಗುವ ಮಾತು ಸವೆದು ಗಿಡ್ಡವಾಗುತ್ತದೆ ಎಂದು ಭಾಷೆಗಳನ್ನು ಎಣಿಸಿ ತೋರಿಸಿದವರು ಜಾರ್ಜ್ ಜಿಫ್. ಈ ಪದಗಳೂ ಎರಡು ಉಚ್ಚಾರಾಂಶ ದಾಟುವುದಿಲ್ಲ.

ಮುಂಬೈ ರಸ್ತೆಯ ಮೇಲೆ ನಿಜವಾದ ವೈರ್‌ಲೆಸ್ ಭಾಷೆ ಕೇಳಬೇಕೆಂದರೆ ಮಾಮಾನ ಪಕ್ಕದಲ್ಲೇ ನಿಲ್ಲಬೇಕು. ಠಾಣೆಯ ಗಸ್ತು ವಾಹನಕ್ಕೆ ಅಲ್ಲಿ 'ಪೀಟರ್ ಮೊಬೈಲ್' ಎನ್ನುತ್ತಾರೆ. ಯಾರೀ ಪೀಟರ್? ಎರಡನೇ ಮಹಾಯುದ್ಧದ ಕಾಲದ ರೇಡಿಯೊ ಅಕ್ಷರಮಾಲೆಯಲ್ಲಿ ಎ ಅಂದರೆ ಏಬಲ್, ಬಿ ಅಂದರೆ ಬೇಕರ್, ಪಿ ಅಂದರೆ ಪೀಟರ್. ಬಿ, ಡಿ, ಪಿ, ಟಿ ಎಲ್ಲಕ್ಕೂ 'ಈ' ಎಂಬ ಒಂದೇ ಬಾಲ; ಗೊರಗೊರ ಸದ್ದಿನಲ್ಲಿ ತಲೆ ಹಾರಿಹೋಗಿ ಬಾಲವಷ್ಟೇ ಉಳಿದರೆ ಯಾವುದು ಯಾವುದೋ. ಅದಕ್ಕೆ ಅಕ್ಷರಕ್ಕೆ ಬದಲು ಇಡೀ ಹೆಸರು. 1956ರಲ್ಲಿ ಅಂತರರಾಷ್ಟ್ರೀಯ ಅಕ್ಷರಮಾಲೆ ಬದಲಾಗಿ ಪೀಟರ್ ಹೋಗಿ 'ಪಾಪಾ' ಬಂದ. ಮುಂಬೈ ಪೊಲೀಸರ ಪೀಟರ್ ಮಾತ್ರ ನಿವೃತ್ತನಾಗಲಿಲ್ಲ.

ಯಾವ ಧ್ವನಿ ಯಾವುದರ ಜೊತೆ ಕಲಸಿಹೋಗುತ್ತದೆ ಎಂಬುದನ್ನು ಜಾರ್ಜ್ ಮಿಲ್ಲರ್ ಮತ್ತು ಪೆಟ್ರಿಶಿಯಾ ನೈಸ್ಲಿ 1955ರಲ್ಲಿ ಪಟ್ಟಿಮಾಡಿದರು. ಇಂಗ್ಲಿಷ್ ವ್ಯಂಜನಗಳನ್ನು ಗದ್ದಲದಲ್ಲಿ ಬೆರೆಸಿ ಕೇಳಿಸಿದಾಗ ಪ, ತ, ಕ ಒಂದಕ್ಕೊಂದು ಬದಲಾದವು, ಮ-ನ ಕೂಡ. ಆದರೆ ಮೂಗಿನ ಧ್ವನಿಯೋ ಅಲ್ಲವೋ ಎಂಬುದು ಸಾಕಷ್ಟು ಗದ್ದಲದಲ್ಲೂ ತಿಳಿಯುತ್ತಿತ್ತು. ಫೋನು 300ರಿಂದ 3,400 ಹರ್ಟ್ಸ್ ಪಟ್ಟಿಗೆ ಧ್ವನಿಯನ್ನು ಕತ್ತರಿಸಿದರೆ ಸ-ಫ ಕೂಡ ಒಂದೇ ಊದುವಿಕೆಯಾಗಿ ಕೇಳುತ್ತವೆ. ಹಿಂದಿಯಲ್ಲಿ ಲೆಕ್ಕ ಹೇಳಿದರೆ ಸಾತ್, ಸಾಠ್, ಆಠ್ ಮೂರೂ ಅಣ್ಣತಮ್ಮಂದಿರು. ಇಂಗ್ಲಿಷಿನ ಫೈವ್, ನೈನ್ ಕೂಡ ಒಳ್ಳೆಯವಲ್ಲ. ಎರಡರ ಬೆನ್ನೆಲುಬೂ 'ಐ'. ವಿಮಾನದವರು ಇದಕ್ಕೆಂದೇ 'ಫೈಫ್', 'ನೈನರ್' ಎನ್ನುತ್ತಾರೆ.

ಇದು ದುಡ್ಡಿನ ಮಾತಾಗುವುದು ಬಂದರಿನಲ್ಲಿ. 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರಿಗೆ ಟ್ರೇಲರ್ ಒಯ್ಯುವ ಡ್ರೈವರ್ ಫೋನಿನಲ್ಲಿ ಪಡೆಯುವ ಮುಖ್ಯ ಸುದ್ದಿ ಕಂಟೇನರ್ ನಂಬರು: ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿ ಅಂಕಿ. ಆ ಒಂಟಿ ಅಂಕಿ ಕಾವಲುಗಾರ. ಸಿ-ಎಸ್-ಕ್ಯೂ-ಯು 305438 ಎಂಬುದನ್ನೇ ನೋಡಿ. ಅಕ್ಷರಗಳಿಗೆ ಗೊತ್ತುಪಡಿಸಿದ ಬೆಲೆ ಕ್ರಮವಾಗಿ 13, 30, 28, 32. ಎಡದಿಂದ ಒಂದೊಂದನ್ನೂ 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗಿ 512ರವರೆಗಿನ ಸಂಖ್ಯೆಗಳಿಂದ ಗುಣಿಸಿ ಕೂಡಿದರೆ 6,185. ಅದನ್ನು 11ರಿಂದ ಭಾಗಿಸಿದರೆ ಶೇಷ 3. ಚೌಕದೊಳಗೆ ಇರಬೇಕಾದ್ದು ಅದೇ 3. ಈಗ 'ಫೈವ್' ಕೇಳಿದವನು 'ನೈನ್' ಎಂದು ಬರೆದುಕೊಂಡನೆನ್ನಿ, 309438. ಮೊತ್ತ 6,441 ಆಗುತ್ತದೆ, ಶೇಷ 6. ಚೌಕದಲ್ಲಿ 3 ಇದೆ. ಕಂಪ್ಯೂಟರ್ ಗೇಟಿನಲ್ಲೇ ತಡೆಯುತ್ತದೆ.

ಈಗ ಡ್ರೈವರುಗಳು ಇಂಥ ನಂಬರನ್ನು ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸುತ್ತಾರೆ. ಗುಂಡಿ ಒತ್ತಿ ಹಿಡಿ, ಹೇಳು, ಬಿಡು, ಅವನ ಸರದಿಗೆ ಕಾಯಿ. ಅಪ್ಪಟ ವಾಕಿಟಾಕಿಯ ನಡೆ. 'ಓವರ್' ಎನ್ನುವುದೊಂದಿಲ್ಲ, ಕೈ ಬಿಟ್ಟಾಗ ಬರುವ ಸಣ್ಣ ಸದ್ದೇ ಓವರ್. ನಮ್ಮ ಕಡೆಯ ಡ್ರೈವರುಗಳೂ ಅಂಕಿಗಳನ್ನು ಇಂಗ್ಲಿಷಿನಲ್ಲೇ ಹೇಳುವುದು ಅಭ್ಯಾಸ. ಕನ್ನಡದಲ್ಲಿ ಹೇಳಿದರೆ ಐದಕ್ಕೂ ಒಂಬತ್ತಕ್ಕೂ ಜನ್ಮಕ್ಕೂ ಗೊಂದಲವಿಲ್ಲ. ಮೂರು ಮತ್ತು ಆರರ ವಿಷಯ ಮಾತ್ರ ಕೇಳಬೇಡಿ.