ಕಫದಲ್ಲಿ ಎರಡನೆಯ ರೋಗಾಣು

ನ್ಯುಮೋನಿಯ ಎಂದೊಡನೆ ಅದಕ್ಕೊಂದು ರೋಗಾಣು, ಆ ರೋಗಾಣುವಿಗೊಂದು ಔಷಧ ಎಂದು ನಾವು ಲೆಕ್ಕ ಹಾಕುತ್ತೇವೆ. ಮೈಯಲ್ಲಿ ಕಸುವಿರುವವರ ಮಟ್ಟಿಗೆ ಈ ಲೆಕ್ಕ ಬಹುಪಾಲು ಸರಿ. ಆದರೆ ಮೂತ್ರಪಿಂಡ ಬದಲಾಯಿಸಿಕೊಂಡವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಎಚ್.ಐ.ವಿ. ಸೋಂಕಿನವರು, ಬಹುಕಾಲದಿಂದ ಸ್ಟೆರಾಯ್ಡ್ ಮಾತ್ರೆ ಸೇವಿಸುತ್ತಿರುವವರು—ಇಂಥವರ ಶ್ವಾಸಕೋಶದಲ್ಲಿ ಎರಡು ಬಗೆಯ ರೋಗಾಣುಗಳು ಒಟ್ಟಿಗೆ ಬೀಡುಬಿಡುವುದುಂಟು. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಿದರೆ ಇನ್ನೊಂದು ಒಳಗೊಳಗೇ ಬೆಳೆಯುತ್ತದೆ.

ಕ್ಷಯ ಮತ್ತು ನೊಕಾರ್ಡಿಯಗಳ ಜೋಡಿಯನ್ನೇ ನೋಡಿ. ಕ್ಷಯದ ರೋಗಾಣುವನ್ನು 1882ರಲ್ಲಿ ಕಾಕ್ ಮಹಾಶಯ ತೋರಿಸಿಕೊಟ್ಟ. 1888ರಲ್ಲಿ ಫ್ರಾನ್ಸಿನ ಪಶುವೈದ್ಯ ನೊಕಾರ್ ದನಗಳ ರೋಗವೊಂದರಲ್ಲಿ ಕಂಡ ಬೇರೊಂದು ಜೀವಿಗೆ ಅವನ ಹೆಸರೇ ನಿಂತಿತು. ಇದು ಮಣ್ಣಿನ ವಾಸಿ. ಧೂಳಿನೊಡನೆ ಉಸಿರಿನಲ್ಲಿ ಒಳಹೊಗುತ್ತದೆ. ಕೆಮ್ಮು, ಜ್ವರ, ಮೈ ಸೊರಗುವುದು ಎರಡರಲ್ಲಿಯೂ ಒಂದೇ ತೆರ. ಎಕ್ಸ್‌-ರೇ ಚಿತ್ರವೂ ನಿರ್ಣಯ ಕೊಡಲಾರದು.

ಭೇದ ತಿಳಿಯುವುದು ಪ್ರಯೋಗಾಲಯದಲ್ಲಿ. ಕಫವನ್ನು ಗಾಜಿನ ಮೇಲೆ ಸವರಿ, ಕೆಂಪು ಬಣ್ಣ ಹತ್ತಿಸಿ, ತೀಕ್ಷ್ಣವಾದ ಗಂಧಕಾಮ್ಲದಿಂದ ತೊಳೆದರೆ ಮಿಕ್ಕ ರೋಗಾಣುಗಳ ಬಣ್ಣ ಹೋಗುತ್ತದೆ, ಕ್ಷಯದ್ದು ಹೋಗದು. ನೊಕಾರ್ಡಿಯದ್ದು ನಡುವಣ ಸ್ವಭಾವ: ಶೇಕಡ 1ರ ತೆಳು ಆಮ್ಲಕ್ಕೆ ಬಣ್ಣ ಬಿಡದು, ತೀಕ್ಷ್ಣವಾದುದಕ್ಕೆ ಸಾಮಾನ್ಯವಾಗಿ ಬಿಡುತ್ತದೆ. ರೂಪವೂ ಬೇರೆ, ಕ್ಷಯದ್ದು ಸಣ್ಣ ಕಡ್ಡಿ, ಇದು ಕವಲೊಡೆದ ಎಳೆ. ತಟ್ಟೆಯಲ್ಲಿ ಬೆಳೆಸಿ ನೋಡುವಾಗಲೂ ತಾಳ್ಮೆ ಬೇಕು. ಸಾಮಾನ್ಯ ರೋಗಾಣುಗಳು ಒಂದೆರಡು ದಿನದಲ್ಲಿ ಕಾಣಿಸಿಕೊಳ್ಳುವುದರಿಂದ ತಟ್ಟೆಯನ್ನು ಬೇಗ ತೆಗೆದುಹಾಕುವುದುಂಟು. ನೊಕಾರ್ಡಿಯಕ್ಕಾಗಿ ಎರಡು ಮೂರು ವಾರ ಇಡಬೇಕಾದೀತು. ವೈದ್ಯರು ಮೊದಲೇ ಹೇಳಿ ಕಳುಹಿಸದಿದ್ದರೆ ಪ್ರಯೋಗಾಲಯದವರಿಗೆ ತಿಳಿಯುವುದೆಂತು?

ಈಗ ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯವನ್ನು ಪತ್ತೆಮಾಡುತ್ತದೆ. ಉಪಕಾರ ದೊಡ್ಡದೇ. ಆದರೆ ಆ ಕ್ಷಯಪರೀಕ್ಷೆ ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತದೆ. ನೊಕಾರ್ಡಿಯದ ಬಗ್ಗೆ ಅದು ಮೂಗ. ಕ್ಷಯದ ಔಷಧವನ್ನು ತಪ್ಪದೆ ನುಂಗಿದರೂ ಜ್ವರ ಇಳಿಯದಿದ್ದಾಗ, ಔಷಧಕ್ಕೆ ಬಗ್ಗದ ಕ್ಷಯವಿರಬಹುದೇ ಎಂದು ನೋಡುವುದರ ಜೊತೆಗೆ, ಎರಡನೆಯ ರೋಗಾಣುವನ್ನೂ ಅರಸಬೇಕು. ನೊಕಾರ್ಡಿಯಕ್ಕೆ ಮುಖ್ಯವಾಗಿ ಕೊಡುವುದು ಕೋಟ್ರೈಮಾಕ್ಸಜೋಲ್ ಎಂಬ ಬೇರೆ ಮದ್ದು. ತಡವಾದರೆ ರೋಗ ಮಿದುಳಿಗೂ ಏರುವುದುಂಟು.

ಸಿಕ್ಕ ರೋಗಾಣುಗಳೆಲ್ಲ ಅಪರಾಧಿಗಳೂ ಅಲ್ಲ. ಬಾಯಲ್ಲಿ ಸಹಜವಾಗಿಯೇ ನಾನಾ ಅಣುಗಳಿವೆ. ಎಂಜಲನ್ನೂ ಕಫವನ್ನೂ ನಾವು ಕನ್ನಡದಲ್ಲಿ ‘ಉಗುಳು’ತ್ತೇವೆ, ಪರೀಕ್ಷೆಗೆ ಬೇಕಾದದ್ದು ಎರಡನೆಯದು ಮಾತ್ರ. ಬೆಳಗ್ಗೆ ನೀರಿನಿಂದ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದುಕೊಡಿ. ಕಫ ಬಾರದಿದ್ದರೆ ವೈದ್ಯರು ಶ್ವಾಸನಾಳದೊಳಕ್ಕೆ ನಳಿಕೆ ಇಳಿಸಿ, ಶ್ವಾಸಕೋಶ ತೊಳೆದ ನೀರನ್ನೇ ತೆಗೆದು ನೋಡುತ್ತಾರೆ.

ಸಾಧ್ಯವಾದ ಮಟ್ಟಿಗೆ ಮದ್ದಿಗಿಂತ ಮೊದಲು ಕಫ ಕೊಡುವುದು ಮೇಲು. ರೋಗಿ ತೀರ ಬಳಲಿದ್ದರೆ ವೈದ್ಯರು ಚಿಕಿತ್ಸೆಗೆ ಕಾಯುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಮುಖ್ಯವಾಗಿ ಸ್ಟೆರಾಯ್ಡನ್ನು, ಕೈಯಲ್ಲೇ ಒಯ್ದು ವೈದ್ಯರಿಗೆ ತೋರಿಸಿ.