ಜಿ. ಆರ್. ಗೋಪಿನಾಥ್

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ (ಜನನ: ನವೆಂಬರ್ 13, 1951) ಭಾರತೀಯ ಭೂಸೇನೆಯ ನಿವೃತ್ತ ಅಧಿಕಾರಿ, ಕೃಷಿಕ, ಲೇಖಕ ಹಾಗೂ ವಿಮಾನಯಾನ ಉದ್ಯಮಿ. ಭಾರತದ ಮೊದಲ ಅಗ್ಗದ ದರದ ವಿಮಾನ ಸಂಸ್ಥೆ ‘ಏರ್ ಡೆಕ್ಕನ್’ನ ಸ್ಥಾಪಕರೆಂದು ಪ್ರಸಿದ್ಧರು. ಹೆಸರಿನ ಹಿಂದಿರುವ ‘ಕ್ಯಾಪ್ಟನ್’ ಎಂಬುದನ್ನು ಕಂಡು ಇವರನ್ನು ವಿಮಾನ ಚಾಲಕರೆಂದು ಭಾವಿಸುವವರು ಅನೇಕರು. ಅದು ಭೂಸೇನೆಯಲ್ಲಿ ಇವರು ಪಡೆದ ದರ್ಜೆ.

ಬಾಲ್ಯ ಮತ್ತು ಶಿಕ್ಷಣ

ಗೋಪಿನಾಥರು ಹುಟ್ಟಿದ್ದು ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ; ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ತಂದೆ ಶಾಲಾ ಶಿಕ್ಷಕರು. ಮಗನಿಗೆ ಮೊದಲ ಕೆಲವು ವರ್ಷ ಮನೆಯಲ್ಲಿಯೇ ಪಾಠ ಹೇಳಿದ್ದರಿಂದ ಗೋಪಿನಾಥರು ನೇರವಾಗಿ ಐದನೆಯ ತರಗತಿಗೆ ಸೇರಿದರು. ಮುಂದೆ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಕುಳಿತಾಗ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದುದರಿಂದ ಅನುತ್ತೀರ್ಣರಾದರು. ಕನ್ನಡದಲ್ಲಿ ಬರೆಯುವ ಅವಕಾಶ ದೊರೆತಾಗ ಅದೇ ಹುಡುಗ ತೇರ್ಗಡೆಯಾಗಿ ವಿಜಾಪುರದ ಸೈನಿಕ ಶಾಲೆಯನ್ನು ಸೇರಿದನು. ಪ್ರಶ್ನೆಪತ್ರಿಕೆಯ ಭಾಷೆ ಬದಲಾಗದಿದ್ದಲ್ಲಿ ಈ ಜೀವನಚರಿತ್ರೆಯ ಮುಂದಿನ ಭಾಗ ಬೇರೆಯೇ ಆಗಿರುತ್ತಿತ್ತು.

ಸೇನೆಯಿಂದ ಹೊಲಕ್ಕೆ

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮತ್ತು ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಗಳಲ್ಲಿ ತರಬೇತಿ ಪಡೆದು ಸೇನಾಧಿಕಾರಿಯಾದ ಗೋಪಿನಾಥರು 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದಲ್ಲಿ ಪಾಲ್ಗೊಂಡರು. ಸುಮಾರು ಎಂಟು ವರ್ಷಗಳ ಸೇವೆಯ ಅನಂತರ, 28ನೆಯ ವಯಸ್ಸಿನಲ್ಲಿ, ಸೇನೆಯನ್ನು ತೊರೆದರು.

ಆ ವೇಳೆಗೆ ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ಕಟ್ಟಲಾಗಿ ಕುಟುಂಬದ ಜಮೀನು ಮುಳುಗಡೆಯಾಗಿತ್ತು. ಪರಿಹಾರವಾಗಿ ಜಾವಗಲ್ ಸಮೀಪ ದೊರೆತದ್ದು ಬರಡು ಭೂಮಿ. ಗೋಪಿನಾಥರು ಅಲ್ಲಿಯೇ ಡೇರೆ ಹಾಕಿಕೊಂಡು ಬೇಸಾಯಕ್ಕೆ ತೊಡಗಿದರು. ಆರಂಭದಲ್ಲಿ ಬೆಳೆಗಳು ಕೈಕೊಟ್ಟವು, ಸಾಲ ಬೆಳೆಯಿತು. ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೊಕಾ ಅವರ ವಿಚಾರಗಳಿಂದ ಪ್ರೇರಿತರಾಗಿ ಕ್ರಮೇಣ ರಾಸಾಯನಿಕ ಗೊಬ್ಬರವನ್ನು ಕೈಬಿಟ್ಟು, ಮಣ್ಣಿಗೆ ಸೊಪ್ಪುಸದೆಯ ಹೊದಿಕೆ ಹಾಕಿ, ಹೊರಗಿನಿಂದ ಕೊಳ್ಳುವುದನ್ನೆಲ್ಲ ಕಡಿಮೆ ಮಾಡುತ್ತ ಬಂದರು. ಪರಿಸರಕ್ಕೆ ಹಾನಿಯಾಗದ ರೇಷ್ಮೆ ಕೃಷಿಯ ಈ ಪ್ರಯೋಗಕ್ಕೆ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ಸಂದಿತು. ಅನಗತ್ಯ ಖರ್ಚನ್ನು ಮೂಲದಲ್ಲಿಯೇ ಕಿತ್ತುಹಾಕುವ ಇದೇ ಕ್ರಮವನ್ನು ಅವರ ವಿಮಾನ ಸಂಸ್ಥೆಯಲ್ಲಿಯೂ ಕಾಣಬಹುದು.

ಏರ್ ಡೆಕ್ಕನ್

ಸೇನೆಯ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮುಯೆಲ್ ಅವರೊಡನೆ ಸ್ಥಾಪಿಸಿದ ‘ಡೆಕ್ಕನ್ ಏವಿಯೇಷನ್’ 1997ರಿಂದ ಬಾಡಿಗೆ ಹೆಲಿಕಾಪ್ಟರ್ ಸೇವೆ ಒದಗಿಸುತ್ತಿತ್ತು. ಆ ಸಂಸ್ಥೆಯಿಂದಲೇ 2003ರಲ್ಲಿ ಏರ್ ಡೆಕ್ಕನ್ ಜನ್ಮ ತಾಳಿತು. ಆಗಸ್ಟ್ ತಿಂಗಳಲ್ಲಿ ಮೊದಲ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಹುಬ್ಬಳ್ಳಿಯ ಆಯ್ಕೆ ಗಮನಾರ್ಹ. ಧಾರವಾಡ ಸೀಮೆಗೆ ಮಾತ್ರವಲ್ಲ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಇಡಗುಂದಿಯ ಕಡೆಯವರಿಗೂ ಹುಬ್ಬಳ್ಳಿಯೇ ಹತ್ತಿರದ ದೊಡ್ಡ ಪೇಟೆ. ಬೆಂಗಳೂರೆಂದರೆ ರಾತ್ರಿಯಿಡೀ ಬಸ್ಸಿನ ಪ್ರಯಾಣ ಎಂದಿದ್ದ ಕಾಲವದು.

ಕೆಲವೇ ದಿನಗಳಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟಿದ್ದ ಉದ್ಘಾಟನಾ ವಿಮಾನದ ಎಂಜಿನ್‌ಗೆ ಬೆಂಕಿ ಹತ್ತಿಕೊಂಡಿತು. ಒಳಗಿದ್ದ ಗಣ್ಯರೆಲ್ಲ ಅಪಾಯವಿಲ್ಲದೆ ಪಾರಾದರು. ಸಂಸ್ಥೆಯೂ ಈ ಆಘಾತದಿಂದ ಚೇತರಿಸಿಕೊಂಡಿತು.

ಏರ್ ಡೆಕ್ಕನ್‌ನಲ್ಲಿ ಪುಕ್ಕಟೆ ಊಟವಿರಲಿಲ್ಲ, ಮೇಲ್ದರ್ಜೆಯ ಆಸನಗಳಿರಲಿಲ್ಲ. ಟಿಕೆಟನ್ನು ಅಂತರಜಾಲದ ಮೂಲಕ ಮಾರಲಾಗುತ್ತಿತ್ತು. ಆ ಸೌಕರ್ಯವಿಲ್ಲದವರಿಗಾಗಿ ಪೆಟ್ರೋಲ್ ಬಂಕುಗಳಲ್ಲಿಯೂ ದೊರೆಯುವಂತೆ ಮಾಡಲಾಯಿತು. ಬಹಳ ಮುಂಚೆ ಕಾಯ್ದಿರಿಸಿದವರಿಗೆ ದರ ಕಡಿಮೆ, ತಡವಾಗಿ ಕೊಂಡವರಿಗೆ ಹೆಚ್ಚು. ಜನರ ಬಾಯಲ್ಲಿ ಉಳಿದ ‘ಒಂದು ರೂಪಾಯಿ ಟಿಕೆಟ್’ ಈ ಕ್ರಮದ ಒಂದು ತುದಿ. ಅಂಥ ಆಸನಗಳು ಕೆಲವು ಮಾತ್ರ. ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ ಸಂಸ್ಥೆಯ ಲಾಂಛನಪುರುಷನಾದನು.

ನಾಲ್ಕೇ ವರ್ಷಗಳಲ್ಲಿ ಸಂಸ್ಥೆ 40ಕ್ಕೂ ಹೆಚ್ಚು ವಿಮಾನಗಳೊಡನೆ 60ಕ್ಕೂ ಹೆಚ್ಚು ಊರುಗಳನ್ನು ತಲುಪಿತು. ಆದರೆ ಲಾಭ ಕೈಗೆ ಹತ್ತಲಿಲ್ಲ. ಇಂಧನದ ಬೆಲೆ, ಅದರ ಮೇಲಿನ ರಾಜ್ಯ ತೆರಿಗೆ, ಚಾಲಕರ ಕೊರತೆ ಇವೆಲ್ಲ ಭಾರವಾದವು. 2005–06ರಲ್ಲಿ ಸ್ಪೈಸ್‌ಜೆಟ್, ಗೋಏರ್ ಮತ್ತು ಇಂಡಿಗೊ ಸಂಸ್ಥೆಗಳು ಅದೇ ಮಾರ್ಗ ಹಿಡಿದು ಸ್ಪರ್ಧೆಗಿಳಿದವು. ವಿಮಾನ ತಡವಾಗುವುದರ ಬಗೆಗೆ ಪ್ರಯಾಣಿಕರ ದೂರುಗಳೂ ಹೆಚ್ಚಿದವು.

ವಿಲೀನ

2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಏರ್ ಡೆಕ್ಕನ್‌ನ ಶೇ. 26ರಷ್ಟು ಪಾಲನ್ನು ಕೊಂಡಿತು. ವಿದೇಶಕ್ಕೆ ಹಾರಬೇಕಾದರೆ ಸಂಸ್ಥೆಯೊಂದು ದೇಶದೊಳಗೆ ಐದು ವರ್ಷ ಹಾರಾಟ ನಡೆಸಿರಬೇಕೆಂಬ ನಿಯಮ ಆಗ ಇತ್ತು. 2005ರಲ್ಲಿ ಆರಂಭವಾದ ಕಿಂಗ್‌ಫಿಷರ್‌ಗೆ ಆ ಅರ್ಹತೆ ಬರಲು ಇನ್ನೂ ಕಾಲವಿತ್ತು. ಏರ್ ಡೆಕ್ಕನ್‌ಗೆ 2008ರಲ್ಲಿ ಐದು ವರ್ಷ ತುಂಬುತ್ತಿತ್ತು. ಅದೇ ವರ್ಷ ಎರಡೂ ವಿಲೀನವಾಗಿ ಏರ್ ಡೆಕ್ಕನ್ ‘ಕಿಂಗ್‌ಫಿಷರ್ ರೆಡ್’ ಎಂದಾಯಿತು. ಶ್ರೀಸಾಮಾನ್ಯನ ಚಿತ್ರ ವಿಮಾನಗಳಿಂದ ಮರೆಯಾಯಿತು. 2012ರಲ್ಲಿ ಕಿಂಗ್‌ಫಿಷರ್‌ನ ಹಾರಾಟವೇ ನಿಂತಿತು.

ನಂತರದ ವರ್ಷಗಳು

2009ರಲ್ಲಿ ಗೋಪಿನಾಥರು ನಾಗಪುರವನ್ನು ಕೇಂದ್ರವಾಗಿಸಿಕೊಂಡು ‘ಡೆಕ್ಕನ್ 360’ ಎಂಬ ಸರಕು ಸಾಗಣೆ ವಿಮಾನ ಸೇವೆಯನ್ನು ಆರಂಭಿಸಿದರು. ಅದು ಬಹುಕಾಲ ನಡೆಯಲಿಲ್ಲ. ಅದೇ ವರ್ಷ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಪಕ್ಷೇತರ ಅಭ್ಯರ್ಥಿಯಾಗಿ ಸ್ಪರ್ಧಿಸಿ ಸೋತರು. ಸಣ್ಣ ಊರುಗಳನ್ನು ಜೋಡಿಸುವ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯಡಿ 2017ರಲ್ಲಿ ಏರ್ ಡೆಕ್ಕನ್ ಹೆಸರು ಮರಳಿ ಬಂದರೂ, 2020ರಲ್ಲಿ ಕೊರೋನಾ ಕಾಲದಲ್ಲಿ ಆ ಸೇವೆಯೂ ಸ್ಥಗಿತವಾಯಿತು.

ಕೃತಿ ಮತ್ತು ಚಲನಚಿತ್ರ

ಗೋಪಿನಾಥರ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಇಂಗ್ಲಿಷಿನಲ್ಲಿ ಪ್ರಕಟವಾಗಿದ್ದು, ವಿಶ್ವೇಶ್ವರ ಭಟ್ ಅವರು ಅದನ್ನು ‘ಬಾನಯಾನ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಇದನ್ನು ಆಧರಿಸಿ ಸುಧಾ ಕೊಂಗರ ನಿರ್ದೇಶಿಸಿದ, ಸೂರ್ಯ ನಟಿಸಿದ ತಮಿಳು ಚಿತ್ರ ‘ಸೂರರೈ ಪೋಟ್ರು’ 2020ರಲ್ಲಿ ತೆರೆಕಂಡಿತು. ಚಿತ್ರದ ನಾಯಕ ವಾಯುಪಡೆಯ ಮಾಜಿ ಅಧಿಕಾರಿ. ಕಥೆ ನಡೆಯುವುದು ತಮಿಳುನಾಡಿನ ಹಳ್ಳಿಯ ಹಿನ್ನೆಲೆಯಲ್ಲಿ. ಗೊರೂರು, ಜಾವಗಲ್‌ಗಳ ಬೇಸಾಯದ ವರ್ಷಗಳನ್ನು ತಿಳಿಯಬಯಸುವವರು ಪುಸ್ತಕವನ್ನೇ ಓದಬೇಕು.