ಸುಸ್ತಿಗೂ ಸಿಕ್ಕಿತು ಒಂದು ಸಂಕೇತ

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರು ಕಾಯಿಲೆಯ ಹೆಸರು ಹಿಡಿದುಕೊಂಡು ಬರುವುದಿಲ್ಲ. ‘ತುಂಬಾ ಸುಸ್ತು ಡಾಕ್ಟ್ರೇ’, ‘ತಲೆ ಸುತ್ತುತ್ತೆ’, ‘ಮಂಡಿ ಹಿಡ್ಕೊಂಡಿದೆ’ ಎನ್ನುತ್ತಾರೆ. ಎಷ್ಟೋ ಸಲ ಆ ತೊಂದರೆಗೆ ಹೆಸರು ಕೊನೆಗೂ ಸಿಗುವುದಿಲ್ಲ. ನಾಲ್ಕು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ವೈದ್ಯಲೋಕದ ದಾಖಲೆಗಳಲ್ಲಿ ಇಂಥ ಮಾತುಗಳಿಗೆ ಬಹುಕಾಲ ಸರಿಯಾದ ಜಾಗ ಇರಲಿಲ್ಲ. ಆ ಜಾಗ ಸಿಕ್ಕಿದ್ದರಿಂದಲೇ ಬೇರೆ ಬೇರೆ ದೇಶಗಳ ಕುಟುಂಬ ವೈದ್ಯರು ತಮ್ಮ ಅನುಭವವನ್ನು ಒಟ್ಟಿಗಿಟ್ಟು ಸಂಶೋಧನೆ ಮಾಡುವಂತಾಯಿತು.

ಸಾವಿನ ಪಟ್ಟಿಯಿಂದ ಶುರು

ಆಸ್ಪತ್ರೆಗಳು ಇಂದು ಬಳಸುವ ಅಂತರರಾಷ್ಟ್ರೀಯ ರೋಗ ವರ್ಗೀಕರಣ ‘ಐಸಿಡಿ’ಯ ಮೂಲ ಇರುವುದು 1893ರಲ್ಲಿ ಫ್ರಾನ್ಸಿನ ಅಂಕಿಅಂಶ ತಜ್ಞ ಜಾಕ್ ಬರ್ತಿಯೋಂ ಮಂಡಿಸಿದ ಪಟ್ಟಿಯಲ್ಲಿ. ಅದು ಸಾವಿನ ಕಾರಣಗಳ ಪಟ್ಟಿ. 1948ರ ಆರನೇ ಪರಿಷ್ಕರಣೆಯಲ್ಲಿ ಬದುಕಿರುವವರ ಕಾಯಿಲೆಗಳೂ ಸೇರಿದವು. ಆದರೂ ಪಟ್ಟಿಯ ದೃಷ್ಟಿ ಆಸ್ಪತ್ರೆಯ ಕಡೆಗೇ ಇತ್ತು.

ಆಸ್ಪತ್ರೆಯ ಹೊರಗೆ ಎಷ್ಟು ಜನರಿದ್ದಾರೆ ಎಂಬುದನ್ನು 1961ರಲ್ಲಿ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ತೋರಿಸಿದರು. ಬ್ರಿಟನ್ ಮತ್ತು ಅಮೆರಿಕದ ಮಾಹಿತಿ ಆಧರಿಸಿದ ಅವರ ಅಂದಾಜಿನಂತೆ, 1,000 ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ತೊಂದರೆ. ವೈದ್ಯರ ಬಳಿಗೆ ಹೋಗುವವರು 250. ಆಸ್ಪತ್ರೆಗೆ ದಾಖಲಾಗುವವರು 9. ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆ ತಲುಪುವವರು ಒಬ್ಬರು. ವೈದ್ಯವಿದ್ಯೆ ಕಲಿಸುತ್ತಿದ್ದುದು, ಸಂಶೋಧನೆ ನಡೆಯುತ್ತಿದ್ದುದು ಹೆಚ್ಚಾಗಿ ಆ ಒಬ್ಬರ ಸುತ್ತ.

ಒಂಬತ್ತು ದೇಶಗಳ ಪರೀಕ್ಷೆ

1972ರಲ್ಲಿ ಮೆಲ್ಬರ್ನ್‌ನಲ್ಲಿ ಕುಟುಂಬ ವೈದ್ಯರ ಜಾಗತಿಕ ಸಂಘಟನೆ ‘ವೋಂಕಾ’ ಹುಟ್ಟಿತು. 1975ರಲ್ಲಿ ಅದು ತನ್ನದೇ ಒಂದು ವರ್ಗೀಕರಣ ತಂದಿತು; ಅದೂ ಮುಖ್ಯವಾಗಿ ವೈದ್ಯರ ತೀರ್ಮಾನದ ಪಟ್ಟಿಯೇ. 1978ರ ಆಲ್ಮಾ ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯ ಸೇವೆಯನ್ನು ಜಗತ್ತಿನ ಮುಂದಿಟ್ಟ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ತಂಡವೊಂದು ಬೇರೆ ಪ್ರಶ್ನೆ ಎತ್ತಿಕೊಂಡಿತು: ರೋಗಿ ಬಂದದ್ದು ಏಕೆ? ಆ ಪ್ರಶ್ನೆಗೆ ತಯಾರಾದ ಪಟ್ಟಿಯನ್ನು ಮಲೇಷ್ಯಾ, ಫಿಲಿಪ್ಪೀನ್ಸ್, ಬ್ರೆಜಿಲ್, ನಾರ್ವೆ ಸೇರಿ ಒಂಬತ್ತು ದೇಶಗಳಲ್ಲಿ ಬಳಸಿ ನೋಡಿದರು. ಹೆಂಕ್ ಲ್ಯಾಂಬರ್ಟ್ಸ್ ಮತ್ತು ಮಾರಿಸ್ ವುಡ್ ಸಂಪಾದಿಸಿದ ‘ಐಸಿಪಿಸಿ’, ಅಂದರೆ ಪ್ರಾಥಮಿಕ ಆರೈಕೆಯ ಅಂತರರಾಷ್ಟ್ರೀಯ ವರ್ಗೀಕರಣ, 1987ರಲ್ಲಿ ಹೊರಬಂತು.

ಅದರಲ್ಲಿ 17 ಅಧ್ಯಾಯಗಳು. ಪ್ರತಿ ಸಂಕೇತಕ್ಕೂ ಒಂದು ಅಕ್ಷರ, ಎರಡು ಅಂಕಿ. ಸುಸ್ತು ಎ04, ಕೆಮ್ಮು ಆರ್05. ಹೃದ್ರೋಗ ಬಂದೀತೆಂಬ ಭಯಕ್ಕೆ ಕೆ24, ಬಡತನಕ್ಕೆ ಝಡ್01. ಹೆದರಿಕೆಯೂ ಬಡತನವೂ ಜನರನ್ನು ವೈದ್ಯರ ಬಾಗಿಲಿಗೆ ತರುತ್ತವೆ ಎಂಬ ಸತ್ಯವನ್ನು ಈ ಪಟ್ಟಿ ಮುಚ್ಚಿಡಲಿಲ್ಲ. ರೋಗ ಪತ್ತೆಯಾಗದಿದ್ದರೆ ಸುಸ್ತನ್ನು ಸುಸ್ತೆಂದೇ ಬರೆಯಬಹುದು. ಇಲ್ಲದ ಕಾಯಿಲೆಯನ್ನು ಅಂಟಿಸಬೇಕಿಲ್ಲ.

ಹೋಲಿಸಿದಾಗ ಕಂಡದ್ದು

ಬಂದ ಕಾರಣ, ವೈದ್ಯರ ತೀರ್ಮಾನ, ಮಾಡಿದ ಚಿಕಿತ್ಸೆ ಈ ಮೂರನ್ನೂ ಕಾಯಿಲೆಯ ಆರಂಭದಿಂದ ಕೊನೆಯವರೆಗೆ ಜೋಡಿಸಿ ಬರೆದರೆ, ಸುಸ್ತೆಂದು ಬಂದವರಲ್ಲಿ ಎಷ್ಟು ಮಂದಿಗೆ ಗಂಭೀರ ರೋಗವಿತ್ತು ಎಂಬುದು ಗೊತ್ತಾಗುತ್ತದೆ. ಲ್ಯಾಂಬರ್ಟ್ಸ್ ನೆದರ್ಲೆಂಡ್ಸ್‌ನಲ್ಲಿ ಕಟ್ಟಿದ ಇಂಥ ದಾಖಲೆಗಳನ್ನು ಜಪಾನ್, ಪೋಲೆಂಡ್, ಅಮೆರಿಕದ ಮಾಹಿತಿಯೊಂದಿಗೆ ಹೋಲಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮುಂದೆ ಮಾಲ್ಟಾ, ಸರ್ಬಿಯಾಗಳೂ ಸೇರಿದವು. ದೇಶದ ವ್ಯವಸ್ಥೆ ಬೇರೆಯಾದರೂ, ರೋಗಿಯ ದೂರಿಗೂ ಅದರ ಹಿಂದಿನ ರೋಗಕ್ಕೂ ಇರುವ ನಂಟು ಬಹುಮಟ್ಟಿಗೆ ಒಂದೇ ತೆರನಾಗಿತ್ತು.

ಈ ತಿಳಿವಳಿಕೆ ನಮ್ಮ ಹಳ್ಳಿಯ ವೈದ್ಯರಿಗೂ ಬೇಕು. ಯಾರನ್ನು ಧೈರ್ಯ ಹೇಳಿ ಮನೆಗೆ ಕಳಿಸಬಹುದು, ಯಾರನ್ನು ತಕ್ಷಣ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು ಎಂಬುದು ಅವರ ದಿನನಿತ್ಯದ ನಿರ್ಧಾರ. ಅದಕ್ಕೆ ದೊಡ್ಡಾಸ್ಪತ್ರೆಯ ಅಂಕಿಗಳು ಸಾಲವು; ಅಲ್ಲಿಗೆ ತಲುಪುವವರೇ ಬೇರೆ. ಹಾಗಾಗಿ ಹೊರರೋಗಿ ನೋಂದಣಿ ಪುಸ್ತಕದಲ್ಲಿ ಕಾಯಿಲೆಯ ಹೆಸರಿಗಿಂತ ಮೊದಲು ರೋಗಿ ಹೇಳಿದ ಕಾರಣವನ್ನು ಬರೆಯುವ ರೂಢಿ ಬರಬೇಕು. ಜಗತ್ತಿನ ಸಂಶೋಧನೆಗೆ ನಮ್ಮೂರಿನ ಚಿಕ್ಕ ಆರೋಗ್ಯ ಕೇಂದ್ರ ಕೊಡಬಹುದಾದ ಮೊದಲ ಕೊಡುಗೆ ಅದೇ.